ತೂತು ಎಣಿಸಿ ಕೊಂಡ ಸ್ಟೀಲ್ ಫರ್ಮೆಂಟರ್

ಮನೆಯಲ್ಲಿ ಬಿಯರ್ ಮಾಡುವವರಲ್ಲಿ ಹೆಚ್ಚಿನವರು ಫರ್ಮೆಂಟರ್, ಅಂದರೆ ಬಿಯರ್ ಹುದುಗಿಸುವ ಪಾತ್ರೆ, ಅಂತ ಪ್ಲಾಸ್ಟಿಕ್ ಬಕೆಟ್‌ನಿಂದ ಶುರು ಮಾಡುತ್ತಾರೆ. ನಾನೂ ಅಷ್ಟೇ. ಬಕೆಟ್ ಮೇಲೆ ನನಗೆ ಸಿಟ್ಟೇನಿಲ್ಲ. ಹಗುರ, ಬಿದ್ದರೆ ಒಡೆಯಲ್ಲ, ಒಳ್ಳೆ ಬಿಯರನ್ನೂ ಕೊಟ್ಟಿದೆ. ಆದರೆ ಬಳಸುತ್ತಾ ಹೋದಂತೆ ಒಳಗೋಡೆಯಲ್ಲಿ ಸಣ್ಣ ಸಣ್ಣ ಗೀರು ಬಿದ್ದವು. ಟಾರ್ಚ್ ಓರೆಯಾಗಿ ಹಿಡಿದರೆ ಮಾತ್ರ ಕಾಣುವಂಥವು. ಬ್ರಶ್ಶಿನ ಎಳೆ ಹೋಗದ, ಸ್ಯಾನಿಟೈಜರ್ ಸರಿಯಾಗಿ ತಾಗದ ಅಂಥ ಜಾಗದಲ್ಲೇ ಹುಳಿ ಬರಿಸುವ ಬ್ಯಾಕ್ಟೀರಿಯಾ ಬಿಡಾರ ಹೂಡುವುದು. ಜೊತೆಗೆ ವಾಸನೆ ಬೇರೆ. ಕಹಿ, ಘಮ ಕೊಡುವ ಹಾಪ್ಸ್ ಹೂವನ್ನು ಜಾಸ್ತಿ ಹಾಕಿದ ಐಪಿಎ ಅನ್ನುವ ಬಿಯರ್ ಒಂದು ಸಲ ಮಾಡಿದರೆ ಸಾಕು, ಆಮೇಲೆ ಎಷ್ಟು ತೊಳೆದರೂ ಖಾಲಿ ಬಕೆಟ್‌ಗೆ ಮೂಗು ಹಾಕಿದರೆ ಅದೇ ವಾಸನೆ. ಪ್ಲಾಸ್ಟಿಕ್ ಗೋಡೆಯ ಮೂಲಕ ಆಮ್ಲಜನಕ ಕೂಡ ನಿಧಾನವಾಗಿ ಒಳಗೆ ನುಸುಳುತ್ತದೆ. ಬೇಗ ಮುಗಿಯುವ ಬಿಯರ್ ಜಾತಿಯಾದ ಏಲ್‌ಗೆ ಅದು ಲೆಕ್ಕಕ್ಕಿಲ್ಲ. ವಾರಗಟ್ಟಲೆ ಇಡಬೇಕಾದ ಲಾಗರ್‌ಗೆ ಲೆಕ್ಕಕ್ಕೆ ಬರುತ್ತದೆ.

ಗಾಜಿನ ಕಾರ್ಬಾಯ್ (ಸಣ್ಣ ಕತ್ತಿನ ದೊಡ್ಡ ಸೀಸೆ) ಬಗ್ಗೆ ಜಾಸ್ತಿ ಯೋಚಿಸಲಿಲ್ಲ. ಗೀರು ಬೀಳಲ್ಲ, ಗಾಳಿ ಬಿಡಲ್ಲ, ಒಳಗೆ ನಡೆಯುವುದೆಲ್ಲ ಕಾಣುತ್ತದೆ, ಎಲ್ಲ ನಿಜ. ಆದರೆ 20 ಲೀಟರ್ ತುಂಬಿದ ಗಾಜಿನ ಪಾತ್ರೆಯನ್ನು ಸೋಪು ನೀರಿನ ಕೈಯಲ್ಲಿ ಎತ್ತುವ ಧೈರ್ಯ ನನಗಿಲ್ಲ. ಮೇಲಾಗಿ ಬೆಳಕು. ಹಾಪ್ಸ್‌ನ ಕಹಿ ಅಂಶಕ್ಕೆ ಬೆಳಕು ತಾಗಿದರೆ ಒಂದು ಕೆಟ್ಟ ಗಂಧಕದ ವಾಸನೆ ಹುಟ್ಟುತ್ತದೆ. ಬಿಯರ್ ಬಾಟಲಿಗಳು ಹೆಚ್ಚಾಗಿ ಕಂದು ಬಣ್ಣದಲ್ಲಿರುವುದು ಅದಕ್ಕೇ. ಗಾಜಿನ ಪಾತ್ರೆಗೆ ಬಟ್ಟೆ ಸುತ್ತಿ ಇಡಬಹುದು. ಆದರೆ ಬಟ್ಟೆ ಸುತ್ತಿದ ಮೇಲೆ ಒಳಗೆ ಕಾಣುತ್ತದೆ ಅನ್ನುವ ಒಂದೇ ಸುಖವೂ ಹೋಯಿತಲ್ಲ.

ಹಾಗಾಗಿ ಸ್ಟೀಲ್ ಅಂತ ತೀರ್ಮಾನ ಮಾಡಿದೆ. ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡರೆ ಅಸಲಿ ಗೊಂದಲ ಶುರುವಾದದ್ದೇ ಅಲ್ಲಿಂದ.

ಮೊದಲು ಸ್ಟೀಲ್ ಬಗ್ಗೆಯೇ ಓದಿಕೊಂಡೆ. ಮಾರುವವರು ಎಲ್ಲರೂ 304 ಅಂತ ಬರೆದಿರುತ್ತಾರೆ, ಕೆಲವರು ಅದಕ್ಕಿಂತ ಮೇಲಿನದು ಬೇಕಾದರೆ 316 ಅನ್ನುತ್ತಾರೆ. 304ರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. 316ರಲ್ಲಿ ಇವುಗಳ ಜೊತೆಗೆ 2ರಿಂದ 3 ಭಾಗ ಮಾಲಿಬ್ಡಿನಂ. ಈ ಮಾಲಿಬ್ಡಿನಂ ಕೆಲಸ ಏನಪ್ಪಾ ಅಂದರೆ, ಉಪ್ಪು, ಕ್ಲೋರೈಡ್ ಇರುವ ಕಡೆ ಲೋಹಕ್ಕೆ ಸಣ್ಣ ಗುಂಡಿ ಬೀಳದ ಹಾಗೆ ನೋಡಿಕೊಳ್ಳುವುದು. ಸಮುದ್ರದ ನೀರಿಗೆ ಅದು ಬೇಕು. ಬಿಯರ್‌ಗೆ 304 ಧಾರಾಳವಾಗಿ ಸಾಕು. ಸ್ಟೀಲ್ ತುಕ್ಕು ಹಿಡಿಯದಿರಲು ಕಾರಣ ಅದರ ಮೇಲಿರುವ ಕ್ರೋಮಿಯಂ ಆಕ್ಸೈಡಿನ ಪದರ. ಕಣ್ಣಿಗೆ ಕಾಣದಷ್ಟು ತೆಳು. ಗೀರು ಬಿದ್ದರೆ ಗಾಳಿಯಲ್ಲಿನ ಆಮ್ಲಜನಕ ಹಿಡಿದು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಆ ಪದರದ ದೊಡ್ಡ ಶತ್ರು ಕ್ಲೋರಿನ್ ಬ್ಲೀಚ್. ಪ್ಲಾಸ್ಟಿಕ್ ಬಕೆಟ್‌ಗೆ ಬ್ಲೀಚ್ ಹಾಕಿ ಅಭ್ಯಾಸ ಇದ್ದವರು ಸ್ಟೀಲ್‌ಗೆ ಬಂದ ದಿನವೇ ಆ ಬಾಟಲಿಯನ್ನು ಬೇರೆ ಕಪಾಟಿಗೆ ಸಾಗಿಸಿಬಿಡುವುದು ಒಳ್ಳೆಯದು.

ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಕಳಪೆ ಸ್ಟೀಲ್ ಅಂತ ಹೇಳುವವರು ಬಹಳ ಜನ. ನಾನೂ ಒಂದು ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಆದರೆ ಇದನ್ನು ಪೂರ್ತಿ ನಂಬಕ್ಕಾಗಲ್ಲ. 304ಕ್ಕೆ ಅಯಸ್ಕಾಂತ ಅಂಟಲ್ಲ ಅನ್ನುವುದು ನಿಜವೇ, ಆದರೆ ತಣ್ಣಗಿರುವಾಗ ಬಗ್ಗಿಸಿ, ಎಳೆದು ಆಕಾರ ಕೊಟ್ಟ ಕಡೆ, ಅಂದರೆ ಅಂಚಿನ ಮಡಿಕೆ, ತಳದ ತಿರುವು, ಅಂಥ ಕಡೆಗಳಲ್ಲಿ ಒಳ್ಳೆಯ 304 ಕೂಡ ಸ್ವಲ್ಪ ಎಳೆಯುತ್ತದೆ. ಅಷ್ಟಕ್ಕೇ ಮಾರುವವನ ಮೇಲೆ ಹರಿಹಾಯಬೇಕಿಲ್ಲ.

ನಂಬರಿಗಿಂತ ನಾನು ಜಾಸ್ತಿ ನೋಡಿದ್ದು ಬೆಸುಗೆ. ಸ್ಟೀಲ್ ಎಷ್ಟೇ ಒಳ್ಳೆಯದಿರಲಿ, ಬೆಸುಗೆ ಹಾಕಿದ ಗೆರೆ ಒಳಗಡೆ ಒರಟಾಗಿದ್ದರೆ ಪ್ಲಾಸ್ಟಿಕ್ ಗೀರಿನ ಕಥೆಯೇ ಮತ್ತೆ. ಆಹಾರ, ಹಾಲು, ಬಿಯರ್ ಕೆಲಸದ ಪಾತ್ರೆಗಳ ಒಳಮೈ 0.8 ಮೈಕ್ರೋಮೀಟರ್‌ಗಿಂತ ಒರಟಾಗಿರಬಾರದು ಅನ್ನುವ ಅಳತೆಯನ್ನು ಆ ಉದ್ಯಮದಲ್ಲಿ ಸಾಮಾನ್ಯವಾಗಿ ಬಳಸುತ್ತಾರೆ. ನಮ್ಮ ಹತ್ತಿರ ಅದನ್ನು ಅಳೆಯುವ ಉಪಕರಣ ಎಲ್ಲಿಂದ ಬರಬೇಕು? ಉಗುರೇ ಉಪಕರಣ. ಬೆಸುಗೆಯ ಗೆರೆಗೆ ಅಡ್ಡಲಾಗಿ ಉಗುರು ಎಳೆದರೆ ಅದು ಎಲ್ಲೂ ಸಿಕ್ಕಿಕೊಳ್ಳಬಾರದು. ಕಪ್ಪು ಚುಕ್ಕಿ, ಸೂಜಿಮೊನೆಯಷ್ಟು ಗುಂಡಿ, ಸುಟ್ಟ ನೀಲಿ ಬಣ್ಣ ಕಂಡರೂ ಬೇಡ. ಹೊರಗಡೆಯ ಬೆಸುಗೆ ಹೇಗಿದ್ದರೂ ನಡೆಯುತ್ತೆ, ಬಿಯರ್ ತಾಗುವುದು ಒಳಗೆ ತಾನೆ. ಫೋಟೋ ನೋಡಿ ಕೊಳ್ಳುವವರು ಒಳಗಿನ ಫೋಟೋ ಕೇಳಿ. ಹೊಳೆಯುವ ಹೊರಗಿನ ಫೋಟೋ ಎಲ್ಲರೂ ಹಾಕಿರುತ್ತಾರೆ. ನಾನು ನೋಡಿದ ಒಂದು ಪಾತ್ರೆಯಲ್ಲಿ ಹೊರಗಡೆ ಕನ್ನಡಿ, ಒಳಗಡೆ ನಲ್ಲಿ ಕೂರಿಸಿದ ಜಾಗದಲ್ಲಿ ಉಗುರು ಕಿತ್ತುಬರುವಷ್ಟು ಉಬ್ಬು.

ಆಮೇಲೆ ಅಳತೆ. ನಾನು ಮಾಡುವುದು 20 ಲೀಟರ್. ಅದಕ್ಕೆ 20 ಲೀಟರಿನ ಪಾತ್ರೆ ಸಾಲದು, ಯೀಸ್ಟ್ ಜೋರಾಗಿ ಕೆಲಸ ಮಾಡುವಾಗ ನೊರೆ ಏಳುತ್ತದೆ. ಕಾಲು ಭಾಗದಷ್ಟಾದರೂ ಖಾಲಿ ಜಾಗ ಬೇಕು. ಗೋಧಿ ಬಿಯರ್‌ನ ಯೀಸ್ಟ್ ಆದರೆ ಇನ್ನೂ ಜಾಸ್ತಿ, ಅದು ನೊರೆ ಎಬ್ಬಿಸುವುದರಲ್ಲಿ ಎತ್ತಿದ ಕೈ. ಹಾಗಾಗಿ 26, 27 ಲೀಟರ್ ಆಸುಪಾಸಿನವನ್ನೇ ಹುಡುಕಿದೆ. ಹಾಗಂತ ತೀರಾ ದೊಡ್ಡದೂ ಬೇಡ. 50 ಲೀಟರಿನದರಲ್ಲಿ 20 ಲೀಟರ್ ಹಾಕಿದರೆ ಮೇಲೆ ಗಾಳಿಗೆ ಜಾಗ ಜಾಸ್ತಿ, ನಲ್ಲಿ ಇರುವ ಎತ್ತರಕ್ಕೆ ಬಿಯರ್ ಮಟ್ಟವೇ ಬರದಿರಬಹುದು.

ಪಾತ್ರೆ ಕೂರಬೇಕಾದದ್ದು ಹಳೆಯ ಫ್ರಿಜ್ ಒಳಗೆ, ಹೊರಗೆ ಒಂದು ಟೆಂಪರೇಚರ್ ಕಂಟ್ರೋಲರ್. ಕ್ಯಾಟಲಾಗ್‌ನಲ್ಲಿ ಎತ್ತರ ಅಂತ ಕೊಟ್ಟಿರುವುದು ಸಾಮಾನ್ಯವಾಗಿ ಪಾತ್ರೆಯ ಎತ್ತರ ಮಾತ್ರ. ಅದರ ಮೇಲೆ ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಡುವ, ಗಾಳಿ ಒಳಗೆ ಬಿಡದ ನೀರಿನ ಪುಟ್ಟ ತಡೆ) ಕೂರುತ್ತದೆ, ಕೆಳಗೆ ಕಾಲು ಇರುತ್ತದೆ, ಬದಿಗೆ ನಲ್ಲಿ ಚಾಚಿಕೊಂಡಿರುತ್ತದೆ, ಕ್ಲ್ಯಾಂಪ್‌ನ ಹಿಡಿ ತೆರೆಯಲು ಒಂದಿಷ್ಟು ಜಾಗ ಬೇಕು. ಫ್ರಿಜ್‌ನ ತಳದಲ್ಲಿ ಹಿಂದುಗಡೆ ಕಂಪ್ರೆಸರ್ ಇರುವ ಕಡೆ ಮೆಟ್ಟಿಲಿನ ಹಾಗೆ ಉಬ್ಬಿರುತ್ತದೆ. ಇದನ್ನೆಲ್ಲ ಲೆಕ್ಕ ಹಾಕಲು ನಾನು ಕಂಡುಕೊಂಡ ಉಪಾಯ ರಟ್ಟು. ಪಾತ್ರೆಯ ಅಗಲ, ಎತ್ತರಕ್ಕೆ ರಟ್ಟು ಕತ್ತರಿಸಿ ಅಂಟಿಸಿ, ನಲ್ಲಿ ಬರುವ ಕಡೆ ಒಂದು ಕಡ್ಡಿ ಚುಚ್ಚಿ, ಫ್ರಿಜ್‌ನಲ್ಲಿ ಇಟ್ಟು ಬಾಗಿಲು ಹಾಕಿ ನೋಡಿದೆ. ಮನಸ್ಸಿನಲ್ಲಿದ್ದ ಅರ್ಧ ಪಾತ್ರೆಗಳು ಅಲ್ಲೇ ಬಿದ್ದುಹೋದವು. ಉದ್ದ ಕಾಲಿನ ಕೋನ್ ತಳದವೆಲ್ಲ ಹೊರಗೆ.

ತೂಕವನ್ನೂ ಮರೆಯಬಾರದು. 20 ಲೀಟರ್ ವರ್ಟ್ (ಹುದುಗುವ ಮುಂಚಿನ ಸಿಹಿ ಧಾನ್ಯದ ರಸ) ಅಂದರೆ 21 ಕಿಲೋ, ಮೇಲೆ ಪಾತ್ರೆಯ ತೂಕ. ನೆಲದಿಂದ ಫ್ರಿಜ್‌ನೊಳಗೆ ಬಗ್ಗಿ ಇಡುವಾಗ ಹಿಡಿ ಎಲ್ಲಿದೆ, ಎರಡೂ ಕೈ ಸರಿಯಾಗಿ ಸಿಗುತ್ತದಾ, ಇದು ಸೊಂಟದ ಪ್ರಶ್ನೆ.

ಕೋನ್ ಬಗ್ಗೆ ನನಗೆ ಆಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ದೊಡ್ಡ ಬ್ರೂವರಿಗಳಲ್ಲಿ ಇರುವ ಟ್ಯಾಂಕಿನ ಮರಿ ಅದು. ತಳ 60 ಡಿಗ್ರಿ ಕೋನದಲ್ಲಿ ಇಳಿದಿರುತ್ತದೆ, ಸತ್ತ ಯೀಸ್ಟ್, ಹಾಪ್ಸ್ ಪುಡಿ, ಮಡ್ಡಿ ಎಲ್ಲ ಜಾರಿ ಕೆಳಗೆ ಬರುತ್ತದೆ, ವಾಲ್ವ್ ತಿರುಗಿಸಿ ಬಿಟ್ಟರಾಯಿತು. ಒಳ್ಳೆ ಯೀಸ್ಟನ್ನು ಹಿಡಿದಿಟ್ಟು ಮುಂದಿನ ಸಲಕ್ಕೆ ಬಳಸಬಹುದು. ಒತ್ತಡ ತಡೆಯುವಂಥದ್ದಾದರೆ ಅದರಲ್ಲೇ ಹುದುಗಿಸಿ, ಅದರಲ್ಲೇ ತಣ್ಣಗೆ ಮಾಡಿ, ಅದರಲ್ಲೇ ಗ್ಯಾಸ್ ಹಿಡಿಸಿ, ಲೋಟಕ್ಕೂ ಅದರಿಂದಲೇ ಬಗ್ಗಿಸಬಹುದು. ಯೂನಿಟ್ಯಾಂಕ್ ಅನ್ನುವುದು ಇದಕ್ಕೇ.

ನನ್ನ ಗೆಳೆಯನ ಹತ್ತಿರ ಅಂಥದ್ದು ಒಂದಿದೆ. ತಗೊಳ್ಳಲಾ ಅಂತ ಕೇಳಿದೆ.

"ಚೆನ್ನಾಗಿದೆ ಕಣೋ. ಆದ್ರೆ ಕುಡಿಯೋಕೆ ಬಂದು ನೋಡ್ಬೇಡ, ತೊಳೆಯೋ ದಿನ ಬಾ" ಅಂದ.

ಹೋದೆ. ಹೋಗಿದ್ದು ಬಹಳ ಒಳ್ಳೆಯದಾಯಿತು. ಬಿಯರ್ ಕೆಗ್‌ಗೆ (ಬಿಯರ್ ತುಂಬಿಡುವ ಲೋಹದ ಪೀಪಾಯಿಗೆ) ಹೋಗಿ ಟ್ಯಾಂಕ್ ಖಾಲಿಯಾಗಿತ್ತು. ಅವನು ಒಂದೊಂದೇ ಕ್ಲ್ಯಾಂಪ್ ಬಿಚ್ಚಿ ಬಿಚ್ಚಿ ನನ್ನ ಕೈಗೆ ಕೊಡುತ್ತಾ ಹೋದ. ತಳದ ವಾಲ್ವ್, ಬದಿಯ ವಾಲ್ವ್, ಸ್ಯಾಂಪಲ್ ತೆಗೆಯುವ ಪುಟ್ಟ ನಲ್ಲಿ, ಥರ್ಮಾಮೀಟರ್ ತೂರುವ ಕೊಳವೆ, ಮೇಲಿನ ಮುಚ್ಚಳ, ಮುಚ್ಚಳದ ಮೇಲೆ ಗ್ಯಾಸ್ ಹೋಗುವ ಕೊಳವೆ, ಪ್ರೆಶರ್ ರಿಲೀಫ್ ವಾಲ್ವ್, ತಣ್ಣೀರು ಹರಿಯುವ ಸುರುಳಿ. ಪ್ರತಿಯೊಂದಕ್ಕೂ ಒಂದು ಕ್ಲ್ಯಾಂಪ್, ಒಂದು ಗ್ಯಾಸ್ಕೆಟ್. ಮೇಜಿನ ತುಂಬಾ ಹರಡಿ ಆಯಿತು. ಆಮೇಲೆ ತನ್ನ ಹಳೆಯ ಪಾತ್ರೆಯ ಒಂದು ಬಾಲ್ ವಾಲ್ವ್ ತಂದು, "ಇದನ್ನೂ ಬಿಚ್ಚಿ ನೋಡು" ಅಂದ. ಹೊರಗಿನಿಂದ ತೊಳೆದದ್ದೇ, ಬಿಸಿನೀರು ಹರಿಸಿದ್ದೇ, ಫಳಫಳ ಅನ್ನುತ್ತಿತ್ತು. ಮೂರು ತುಂಡಾಗಿ ಬಿಚ್ಚುವ ಜಾತಿಯದು. ಸ್ಪ್ಯಾನರ್ ಹಾಕಿ ಬೋಲ್ಟ್ ತೆಗೆದು ಒಳಗಿನ ಉಂಡೆಯನ್ನು ಹೊರಗೆ ಜಾರಿಸಿದರೆ, ಉಂಡೆಯ ಹಿಂದೆ ಕಂದು ಬಣ್ಣದ ಲೋಳೆ. ಮೂಗಿನ ಹತ್ತಿರ ತರುವ ಮೊದಲೇ ಹುಳಿ ವಾಸನೆ. ವಾಲ್ವ್ ಅರ್ಧ ತಿರುಗಿದಾಗ ಉಂಡೆಯ ತೂತಿನಲ್ಲಿದ್ದ ವರ್ಟ್ ಅದರ ಸುತ್ತಲಿನ ಸಂದಿಗೆ ಇಳಿಯುತ್ತದೆ. ವಾಲ್ವ್ ಪೂರ್ತಿ ತೆರೆದಿರಲಿ, ಪೂರ್ತಿ ಮುಚ್ಚಿರಲಿ, ಆ ಸಂದಿಗೆ ನೀರು ಹೋಗುವುದೇ ಇಲ್ಲ. ಬಿಚ್ಚದೆ ಬೇರೆ ದಾರಿ ಇಲ್ಲ.

ಅಲ್ಲಿಂದ ಬಂದ ಮೇಲೆ ನಾನು ಫರ್ಮೆಂಟರ್‌ಗಳನ್ನು ನೋಡುವ ರೀತಿಯೇ ಬದಲಾಯಿತು. ಯಾವುದೇ ಪಾತ್ರೆ ನೋಡಿದರೂ ಮೊದಲು ತೂತು ಎಣಿಸುವುದು. ಇದರಲ್ಲಿ ಎಷ್ಟು ತೂತಿದೆ, ಒಂದೊಂದರಲ್ಲೂ ಬಿಚ್ಚಿ ತೊಳೆಯಬೇಕಾದದ್ದು ಏನೇನಿದೆ, ಅದರಲ್ಲಿ ನನಗೆ ನಿಜವಾಗಿ ಬೇಕಾದದ್ದು ಎಷ್ಟು? ಮಾರುವವರ ಭಾಷೆಯಲ್ಲಿ ಒಂದೊಂದು ತೂತೂ ಒಂದು ಸೌಕರ್ಯ. ತೊಳೆಯುವವನ ಭಾಷೆಯಲ್ಲಿ ಒಂದೊಂದು ತೂತೂ ಒಂದು ಗ್ಯಾಸ್ಕೆಟ್.

ತೂತು ಹೇಗೆ ಜೋಡಿಸಿದ್ದಾರೆ ಅನ್ನುವುದೂ ಮುಖ್ಯ. ಥ್ರೆಡ್ ಇದ್ದರೆ ಆ ಸುರುಳಿ ಸಂದಿಯಲ್ಲಿ ಸಕ್ಕರೆ ನೀರು ಕೂರುತ್ತದೆ, ಟೇಪ್ ಸುತ್ತಬೇಕು, ಪ್ರತಿ ಸಲ ಬಿಚ್ಚಿ ಹಾಕಿದರೆ ಥ್ರೆಡ್ ಸವೆಯುತ್ತದೆ. ಟ್ರೈ-ಕ್ಲ್ಯಾಂಪ್ ಆದರೆ ಎರಡು ಚಪ್ಪಟೆ ಅಂಚು, ಮಧ್ಯೆ ಒಂದು ಗ್ಯಾಸ್ಕೆಟ್, ಮೇಲೊಂದು ಕ್ಲ್ಯಾಂಪ್. ಸ್ಪ್ಯಾನರ್ ಬೇಡ, ಕೈಯಲ್ಲೇ ಬಿಚ್ಚಬಹುದು. ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಒಂದೂವರೆ ಇಂಚಿನ ಟ್ರೈ-ಕ್ಲ್ಯಾಂಪ್ ಅಂದರೆ ಒಂದೂವರೆ ಇಂಚು ಪೈಪಿನ ಅಳತೆ, ಅಂಚಿನದಲ್ಲ. ಅಂಚಿನ ಅಗಲ 50.5 ಮಿಲಿಮೀಟರ್. ಸ್ಕೇಲ್ ಹಿಡಿದು ಅಳೆದವರು ಅದನ್ನು ಎರಡು ಇಂಚಿನದು ಅಂದುಕೊಳ್ಳುವುದು ಸಹಜ. ಆದರೆ ಎರಡು ಇಂಚಿನದರ ಅಂಚು 64 ಮಿಲಿಮೀಟರ್, ಒಂದಕ್ಕೊಂದು ಕೂರಲ್ಲ. ಒಂದು ಇಂಚಿನದಕ್ಕೂ ಒಂದೂವರೆ ಇಂಚಿನದಕ್ಕೂ ಅಂಚು ಒಂದೇ ಆಗಿರುವುದರಿಂದ ಕ್ಲ್ಯಾಂಪ್ ಹಂಚಿಕೊಳ್ಳಬಹುದು.

ವಾಲ್ವ್‌ಗಳಲ್ಲಿ ಬಟರ್‌ಫ್ಲೈ ನನಗೆ ಹಿಡಿಸಿತು. ಒಳಗೆ ಒಂದು ತಟ್ಟೆ ತಿರುಗುತ್ತದೆ, ಅಷ್ಟೇ. ಬಾಲ್ ವಾಲ್ವ್‌ನಷ್ಟು ಸಂದಿ ಇಲ್ಲ.

ಕೆಗ್ ಬಗ್ಗೆಯೂ ಗಂಭೀರವಾಗಿ ಯೋಚಿಸಿದ್ದೆ. 19 ಲೀಟರಿನ ಕಾರ್ನಿ ಕೆಗ್ ಅಗ್ಗಕ್ಕೆ ಸಿಗುವ ಸ್ಟೀಲ್ ಫರ್ಮೆಂಟರ್ ಅಂತಲೇ ಹೇಳಬಹುದು, ಒತ್ತಡಕ್ಕೆಂದೇ ಮಾಡಿದ್ದು, ಬೆಸುಗೆ ಗಟ್ಟಿ, ತೂತು ಕಡಿಮೆ, ಸಣ್ಣ ಫ್ರಿಜ್‌ನಲ್ಲೂ ಕೂರುತ್ತದೆ. ಆದರೆ ಎರಡು ತೊಂದರೆ. ನೊರೆಗೆ ಜಾಗ ಬಿಟ್ಟರೆ 15 ಲೀಟರ್ ಮಾತ್ರ ಹಿಡಿಸುತ್ತದೆ. ಇನ್ನೊಂದು, ಅದರ ಬಾಯಿ ಸಣ್ಣದು, ಮೊಟ್ಟೆಯಾಕಾರದ್ದು. ನನ್ನ ಕೈ ಹೋಗಲ್ಲ. ಒಣಗಿದ ನೊರೆ ಗೋಡೆಗೆ ಕಚ್ಚಿಕೊಂಡರೆ ನೆನೆಹಾಕಿ ಅದೃಷ್ಟ ನಂಬಿ ಕೂರಬೇಕು. ಒತ್ತಡದಲ್ಲಿ ಹುದುಗಿಸಬೇಕು ಅಂತಲೇ ಇರುವವರಿಗೆ ಮಾತ್ರ ಇದಕ್ಕಿಂತ ಸುಲಭದ ದಾರಿ ಇಲ್ಲ.

ಒತ್ತಡದ ಮಾತು ಬಂತಲ್ಲ, ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಸ್ಟೀಲ್ ಅಂದ ತಕ್ಷಣ ಗಟ್ಟಿ, ಏನು ಬೇಕಾದರೂ ತಡೆಯುತ್ತೆ ಅನ್ನುವ ಭಾವನೆ ಬರುತ್ತದೆ. ತೆಳು ತಗಡಿನ ಬಕೆಟ್ ಆಕಾರದ ಫರ್ಮೆಂಟರ್ ಒತ್ತಡಕ್ಕೆ ಮಾಡಿದ್ದಲ್ಲ. 1.050 ಸಾಂದ್ರತೆಯ (ನೀರಿನದು 1.000) 20 ಲೀಟರ್ ವರ್ಟ್ ಹುದುಗಿ ಮುಗಿಯುವಷ್ಟರಲ್ಲಿ ಸುಮಾರು 800 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಗ್ಯಾಸ್ ಲೆಕ್ಕದಲ್ಲಿ 400 ಲೀಟರ್‌ಗೂ ಜಾಸ್ತಿ. ಹೋಗಲು ದಾರಿ ಇಲ್ಲದಿದ್ದರೆ? 30 ಸೆಂಟಿಮೀಟರ್ ಅಗಲದ ಮುಚ್ಚಳ ಅಂದುಕೊಳ್ಳಿ. ಯೂನಿಟ್ಯಾಂಕ್‌ಗಳು ತಡೆಯುವ 15 ಪಿಎಸ್‌ಐ (ಚದರ ಇಂಚಿಗೆ 15 ಪೌಂಡ್) ಒತ್ತಡದಲ್ಲಿ ಆ ಮುಚ್ಚಳವನ್ನು ಮೇಲಕ್ಕೆ ತಳ್ಳುವ ಬಲ 700 ಕಿಲೋ ದಾಟುತ್ತದೆ. ಬರೀ 1 ಪಿಎಸ್‌ಐ ಆದರೂ ಸುಮಾರು 50 ಕಿಲೋ. ಬಕೆಟ್ ಮುಚ್ಚಳದ ಕೊಂಡಿಗಳನ್ನು ಈ ಲೆಕ್ಕ ಇಟ್ಟುಕೊಂಡು ನೋಡಿ. ಹಾಗಾಗಿ ಮಾಡಿದವರು ಒತ್ತಡದ ಮಿತಿಯನ್ನು ಬರೆದು ಕೊಟ್ಟಿಲ್ಲದಿದ್ದರೆ ಅದಕ್ಕೆ ಮಿತಿ ಸೊನ್ನೆ ಅಂತಲೇ ನಾನು ತಿಳಿಯುತ್ತೇನೆ, ಏರ್‌ಲಾಕ್ ಅಥವಾ ಗ್ಯಾಸ್, ನೊರೆ ಹೊರಗೆ ಒಯ್ಯುವ ಬ್ಲೋ-ಆಫ್ ಕೊಳವೆ ಯಾವಾಗಲೂ ತೆರೆದೇ ಇರುತ್ತದೆ. ಒತ್ತಡ ತಡೆಯುವ ಪಾತ್ರೆಯಾದರೂ ರಿಲೀಫ್ ವಾಲ್ವ್ ಇಲ್ಲದೆ ಮುಚ್ಚಬಾರದು, ಹಾಪ್ಸ್ ಚೂರು ಸಿಕ್ಕಿಕೊಂಡು ಅದು ಕಟ್ಟಿಕೊಂಡಿಲ್ಲ ಅಂತ ಪ್ರತಿ ಸಲ ನೋಡಬೇಕು.

ಉಲ್ಟಾ ಕೂಡ ಇದೆ. ಹುದುಗು ಮುಗಿದ ಮೇಲೆ ಬಿಯರ್ ತಿಳಿಯಾಗಲಿ ಅಂತ 20 ಡಿಗ್ರಿಯಿಂದ 2 ಡಿಗ್ರಿಗೆ ಇಳಿಸುತ್ತೇವೆ. ಮೇಲಿರುವ ಗ್ಯಾಸ್ ಅದರಿಂದಲೇ ಶೇಕಡಾ 6ರಷ್ಟು ಕುಗ್ಗುತ್ತದೆ, ಜೊತೆಗೆ ಒಂದಿಷ್ಟು ಗ್ಯಾಸ್ ತಣ್ಣಗಿನ ಬಿಯರ್‌ಗೆ ಕರಗುತ್ತದೆ. ಪಾತ್ರೆ ಆಗ ಒಳಕ್ಕೆ ಎಳೆದುಕೊಳ್ಳುತ್ತದೆ, ಏರ್‌ಲಾಕ್‌ನ ನೀರು, ಅದರ ಹಿಂದೆ ಹೊರಗಿನ ಗಾಳಿ. ಬಿಗಿಯಾಗಿ ಮುಚ್ಚಿದ್ದರೆ ತಗಡು ಒಳಕ್ಕೆ ಕುಸಿಯಬಹುದು. ಒಳಗಿನಿಂದ ತಳ್ಳುವ ಒತ್ತಡ ತಡೆದ ಟ್ಯಾಂಕ್ ಹೊರಗಿನಿಂದ ಒತ್ತುವುದನ್ನು ತಡೆಯಬೇಕು ಅಂತೇನಿಲ್ಲ. ನಾನು ತಣ್ಣಗೆ ಮಾಡುವ ಮೊದಲು ಏರ್‌ಲಾಕ್ ತೆಗೆದು, ಹುದುಗುವಾಗಲೇ ಅದೇ ಗ್ಯಾಸ್ ತುಂಬಿಸಿಟ್ಟ ಚೀಲವನ್ನು ಕೊಳವೆಗೆ ಸಿಕ್ಕಿಸುತ್ತೇನೆ. ಎಳೆದುಕೊಳ್ಳಲಿ, ಅದರದ್ದೇ ಗ್ಯಾಸ್ ಅಲ್ವಾ.

ಕೊನೆಗೆ ಕೊಂಡದ್ದು ಬಕೆಟ್ ಆಕಾರದ್ದೇ. 27 ಲೀಟರ್, ಅಗಲ ಬಾಯಿ, ತಳ ಪೂರ್ತಿ ಚಪ್ಪಟೆ ಅಲ್ಲ, ಸ್ವಲ್ಪ ಇಳಿಜಾರು. ಮೂರೇ ತೂತು. ಮುಚ್ಚಳದಲ್ಲಿ ಏರ್‌ಲಾಕ್‌ಗೆ ಒಂದು, ಬದಿಯಲ್ಲಿ ನಲ್ಲಿಗೆ ಒಂದು, ಥರ್ಮಾಮೀಟರ್ ಕಡ್ಡಿ ತೂರುವ ಕೊಳವೆಗೆ ಒಂದು. ಮಡ್ಡಿ ಬಿಡುವ ತಳದ ವಾಲ್ವ್ ಇಲ್ಲ. ಯೀಸ್ಟ್ ತಳದಲ್ಲೇ ಉಳಿದರೆ ಬಿಯರ್ ಕೆಡುತ್ತದೆ ಅನ್ನುವ ಭಯ ನನಗೂ ಇತ್ತು. ಅದು ದೊಡ್ಡ ಟ್ಯಾಂಕುಗಳಲ್ಲಿ ನಿಜ, ಅಲ್ಲಿ ಮೇಲಿನ ಬಿಯರ್‌ನ ಭಾರ, ಕೋನ್‌ನಲ್ಲಿ ದಪ್ಪಗೆ ಕೂತ ಯೀಸ್ಟ್‌ನ ಬಿಸಿ ಎರಡೂ ಸೇರುತ್ತವೆ. 20 ಲೀಟರಿಗೆ, ಎರಡು ಮೂರು ವಾರಕ್ಕೆ ಅದೇನೂ ತಲೆಬಿಸಿ ಮಾಡಿಕೊಳ್ಳುವಂಥದ್ದಲ್ಲ.

ಪಾತ್ರೆ ಬಂದಾಗ ನೇರ ಬಿಯರ್ ಹಾಕಲಿಲ್ಲ. ಟಾರ್ಚ್ ಹಿಡಿದು ಒಳಗೆ ತಲೆ ಹಾಕಿ ಬೆಸುಗೆಯ ಗೆರೆ ಪೂರ್ತಿ ನೋಡಿದೆ. ಒಳಗೆ ಲೀಟರ್ ಗುರುತು ಕೊರೆದಿದ್ದರು. ಅದು ಸರಿಯಿದೆಯಾ ಅಂತ ನೀರನ್ನು ತೂಕ ಮಾಡಿ ಮಾಡಿ ಸುರಿದೆ, ಒಂದು ಲೀಟರ್ ಒಂದು ಕಿಲೋ. ಗುರುತು ಸರಿ ಇತ್ತು. ಅದೇ ನೀರು ತುಂಬಿಟ್ಟು, ಕೆಳಗೆ ಒಣ ಕಾಗದ ಹಾಸಿ ರಾತ್ರಿಯಿಡೀ ಬಿಟ್ಟೆ. ಸಣ್ಣ ಸೋರಿಕೆ ಕಣ್ಣಿಗೆ ಕಾಣಲ್ಲ, ಒಣಗಿಹೋಗುತ್ತದೆ. ಕಾಗದದ ಮೇಲಾದರೆ ಕಲೆ ಉಳಿಯುತ್ತದೆ. ಬೆಳಿಗ್ಗೆ ಥರ್ಮಾಮೀಟರ್ ಕೊಳವೆಯ ಕೆಳಗೆ ಒಂದು ರೂಪಾಯಿಯಗಲದ ಕಲೆ. ನಟ್ ಬಿಚ್ಚಿ ನೋಡಿದರೆ ವಾಷರ್ ಓರೆ ಕೂತಿತ್ತು. ಸರಿಯಾಗಿ ಕೂರಿಸಿ ಕೈಯಲ್ಲಿ ಬಿಗಿ ಮಾಡಿದ ಮೇಲೆ ನಿಂತಿತು. ಸ್ಪ್ಯಾನರ್ ಹಾಕಿ ಬಲ ಬಿಟ್ಟರೆ ಸಿಲಿಕೋನ್ ವಾಷರ್ ಬದಿಗೆ ಉಬ್ಬಿ ಇನ್ನೂ ಜಾಸ್ತಿ ಸೋರುತ್ತದೆ.

ಮೊದಲ ತೊಳೆತ ಬೇರೆಯದೇ ಕೆಲಸ. ಹೊಸ ಸ್ಟೀಲ್ ನೋಡಲು ಸ್ವಚ್ಛವಾಗಿರುತ್ತದೆ. ಬಿಳಿ ಬಟ್ಟೆಗೆ ಸ್ವಲ್ಪ ಅಡುಗೆ ಎಣ್ಣೆ ಹಚ್ಚಿ ಒಳಗೋಡೆ ಉಜ್ಜಿದೆ, ಬಟ್ಟೆ ಬೂದು ಬಣ್ಣಕ್ಕೆ ತಿರುಗಿತು. ಪಾಲಿಶ್ ಮಾಡಿದಾಗ ಉಳಿದ ಪುಡಿ ಅದು, ಬರೀ ಸೋಪಿಗೆ ಬರಲ್ಲ. ಬಟ್ಟೆ ಬಿಳಿಯಾಗಿ ಬರುವ ತನಕ ಉಜ್ಜಿ, ಆಮೇಲೆ ಪಿಬಿಡಬ್ಲ್ಯೂ ಥರದ ಕ್ಷಾರದ ಪುಡಿಯನ್ನು ಬಿಸಿನೀರಿಗೆ ಹಾಕಿ ನೆನೆಸಿ, ಎಣ್ಣೆ ಜಿಡ್ಡು ಹೋಗುವ ತನಕ ತೊಳೆದೆ. ಕೊನೆಗೆ ಸಿಟ್ರಿಕ್ ಆಮ್ಲದ ಬಿಸಿನೀರು. ಮೇಲ್ಮೈಯಲ್ಲಿ ಉಳಿದ ಕಬ್ಬಿಣದ ಕಣಗಳನ್ನು ಅದು ಕರಗಿಸಿ ತೆಗೆಯುತ್ತದೆ, ಆಕ್ಸೈಡ್ ಪದರ ಚೆನ್ನಾಗಿ ಕಟ್ಟಿಕೊಳ್ಳುತ್ತದೆ. ಚೆನ್ನಾಗಿ ತೊಳೆದು, ಬೋರಲು ಹಾಕದೆ ಗಾಳಿಗೆ ಒಣಗಲು ಬಿಟ್ಟೆ. ಗಾಳಿಯೇ ಇಲ್ಲಿ ಕೊನೆಯ ಕೆಲಸ ಮಾಡುವುದು. ಪಾತ್ರೆ ತಿಕ್ಕುವ ಸ್ಟೀಲ್ ಉಣ್ಣೆಯನ್ನು ಹತ್ತಿರಕ್ಕೂ ತರಬೇಡಿ. ಅದು ಸಾದಾ ಕಬ್ಬಿಣವಾಗಿದ್ದರೆ ಚೂರು ಗೋಡೆಗೆ ಸಿಕ್ಕಿ ಅಲ್ಲೇ ತುಕ್ಕು ಹಿಡಿಯುತ್ತದೆ.

ಸ್ಯಾನಿಟೈಜರ್‌ಗೆ ನಾನು ಬಳಸುವುದು ಸ್ಟಾರ್ ಸ್ಯಾನ್. ಫಾಸ್ಫರಿಕ್ ಆಮ್ಲದ್ದು, ತೊಳೆಯುವ ಅಗತ್ಯ ಇಲ್ಲ, 19 ಲೀಟರ್ ನೀರಿಗೆ 30 ಮಿಲಿ ಸಾಕು. ನೊರೆ ಬರುತ್ತದೆ, ಬರಲಿ.

ಮೊದಲು ಹಾಕಿದ್ದು ಸಾದಾ ಪೇಲ್ ಏಲ್, ಹೊಸ ಪಾತ್ರೆಯ ವಾಸನೆ ಏನಾದರೂ ಇದ್ದರೆ ಅದರಲ್ಲಿ ಗೊತ್ತಾಗಲಿ ಅಂತ. ಇಲ್ಲಿ ಸ್ಟೀಲ್‌ನ ನಿಜವಾದ ಲಾಭ ಕಂಡದ್ದು ಶಾಖದಲ್ಲಿ. ಯೀಸ್ಟ್ ಕೆಲಸ ಮಾಡುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ಪ್ಲಾಸ್ಟಿಕ್ ಬಕೆಟ್‌ನ ಹೊರಗೋಡೆಗೆ ಥರ್ಮಾಮೀಟರ್ ಅಂಟಿಸಿಕೊಂಡು ಅದನ್ನೇ ನಂಬುತ್ತಿದ್ದೆವು. ಈಗ ಕಡ್ಡಿ ಬಿಯರ್‌ನ ನಡುವಿಗೇ ಹೋಗುತ್ತದೆ. 19 ಡಿಗ್ರಿ ಹಿಡಿಯಲು ಫ್ರಿಜ್‌ನೊಳಗಿನ ಗಾಳಿ ಅದಕ್ಕಿಂತ ಮೂರ್ನಾಲ್ಕು ಡಿಗ್ರಿ ಕೆಳಗೆ ಇಳಿಯಬೇಕಾಯಿತು, ಹುದುಗು ಜೋರಾಗಿದ್ದಾಗ. ಸ್ಟೀಲ್ ಗೋಡೆ ಶಾಖವನ್ನು ಬೇಗ ಬಿಟ್ಟುಕೊಡುವುದರಿಂದ ಫ್ರಿಜ್ ಶುರುವಾದರೆ ಒಳಗೆ ಬೇಗ ಗೊತ್ತಾಗುತ್ತದೆ. ಫ್ರಿಜ್ ಇಲ್ಲದವರಿಗೆ ಇದೇ ಗುಣ ತೊಂದರೆ. ಕೋಣೆಯ ಬಿಸಿಯೂ ಅಷ್ಟೇ ಬೇಗ ಒಳಗೆ ಬರುತ್ತದೆ.

ಕಾಣಲ್ಲ ಅನ್ನುವುದಕ್ಕೆ ಒಗ್ಗಿಕೊಳ್ಳಲು ಸ್ವಲ್ಪ ಸಮಯ ಬೇಕು. ನೊರೆ ಎದ್ದಿದೆಯಾ, ಇಳಿದಿದೆಯಾ, ಏನೂ ಗೊತ್ತಾಗಲ್ಲ. ಏರ್‌ಲಾಕ್ ಗುಳುಗುಳು ಅನ್ನುವುದನ್ನೂ ನಂಬುವ ಹಾಗಿಲ್ಲ, ಮುಚ್ಚಳದ ಸಂದಿಯಲ್ಲಿ ಗ್ಯಾಸ್ ಹೋದರೆ ಅದು ಸುಮ್ನೆ ಇರುತ್ತದೆ. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಒಂದೇ ದಾರಿ. ನಲ್ಲಿಯಿಂದ ಮೊದಲು ಬರುವುದು ಅಲ್ಲಿ ನಿಂತ ಮಡ್ಡಿ, ಅದನ್ನು ಚೆಲ್ಲಿ ಆಮೇಲೆ ಬಂದದ್ದನ್ನು ಅಳೆಯುತ್ತೇನೆ. 1.050ರಿಂದ 1.011ಕ್ಕೆ ಬಂದು ಮೂರು ದಿನ ಕದಲಲಿಲ್ಲ, ಮುಗಿಯಿತು ಅಂತ ಅರ್ಥ. ಸ್ಯಾಂಪಲ್ ತೆಗೆದ ತಕ್ಷಣ ನಲ್ಲಿಯ ಮೂತಿಗೆ ಸ್ಯಾನಿಟೈಜರ್ ಸಿಂಪಡಿಸಲೇಬೇಕು. ನಲ್ಲಿಯ ಒಳಗಡೆ ಬಾಗಿದ ಕೊಳವೆ ಇದೆ, ಅದನ್ನು ಮೇಲಕ್ಕೆ ತಿರುಗಿಸಿಟ್ಟರೆ ಮಡ್ಡಿಯ ಮೇಲಿನ ತಿಳಿ ಬರುತ್ತದೆ, ಕೊನೆಗೆ ನಿಧಾನ ಕೆಳಗೆ ತಿರುಗಿಸಬಹುದು.

ಬಿಯರ್ ರುಚಿ? ಚೆನ್ನಾಗಿತ್ತು. ಸ್ಟೀಲ್‌ನಿಂದ ಚೆನ್ನಾಯಿತು ಅಂತ ಹೇಳಲಾರೆ. ಹಳೆಯ ಬಕೆಟ್‌ನಲ್ಲೂ ಇಷ್ಟು ಸರಿಯಾಗಿ ಶಾಖ ಹಿಡಿದಿದ್ದರೆ ಬಹುಶಃ ಹೀಗೇ ಬರುತ್ತಿತ್ತು. ದುಡ್ಡು ಒಂದಕ್ಕೇ ಇದೆ ಅಂದರೆ ಮೊದಲು ಶಾಖ ಹಿಡಿತದಲ್ಲಿಡುವ ವ್ಯವಸ್ಥೆ ಮಾಡಿಕೊಳ್ಳಿ, ಸ್ಟೀಲ್ ಆಮೇಲೆ. ಈ ಮಾತು ಸ್ಟೀಲ್ ಮಾರುವವರು ಹೇಳಲ್ಲ.

ತೊಳೆಯುವುದು ಮಾತ್ರ ನಿಜವಾಗಲೂ ಸುಲಭವಾಯಿತು. ಗೋಡೆಯ ಮೇಲೆ ನೊರೆ ಒಣಗಿ ಕಟ್ಟಿದ ಕಂದು ಉಂಗುರಕ್ಕೆ ಬಕೆಟ್‌ನಲ್ಲಿ ಹೆದರಿ ಹೆದರಿ ಸ್ಪಂಜ್ ಹಾಕುತ್ತಿದ್ದೆ. ಈಗ 60 ಡಿಗ್ರಿ ನೀರಿಗೆ ಕ್ಷಾರದ ಪುಡಿ ಹಾಕಿ ತುಂಬಿ ಬಿಟ್ಟರೆ ಅದೇ ಕಳಚಿ ಬೀಳುತ್ತದೆ. ಹಾಗೆ ಮಾಡುವ ಮೊದಲು ಮುಚ್ಚಳ ತೆಗೆದು ಒಳಗಿನ ಗ್ಯಾಸ್ ಹೋಗಲು ಬಿಡಬೇಕು. ಕ್ಷಾರ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ, ಮುಚ್ಚಿದ ಟ್ಯಾಂಕ್‌ನಲ್ಲಿ ಅದೂ ನಿರ್ವಾತ ಮಾಡುತ್ತದೆ. ಕೆಲವು ಸಲ ಬಳಸಿದ ಮೇಲೆ ಒಳಗೋಡೆಯಲ್ಲಿ ಮಬ್ಬು ಬಿಳಿ ಪೊರೆ ಕಾಣಬಹುದು. ಬಿಯರ್ ಸ್ಟೋನ್ ಅನ್ನುತ್ತಾರೆ, ಕ್ಯಾಲ್ಸಿಯಂ ಆಕ್ಸಲೇಟ್. ಕ್ಷಾರಕ್ಕೆ ಬಗ್ಗಲ್ಲ, ಆಮ್ಲ ಬೇಕು.

ಹಾಪ್ಸ್ ವಾಸನೆ ಸ್ಟೀಲ್‌ಗೆ ಹಿಡಿಯಲಿಲ್ಲ, ಸರಿ. ಆದರೆ ಮುಚ್ಚಳದ ಸಿಲಿಕೋನ್ ಗ್ಯಾಸ್ಕೆಟ್‌ಗೆ ಹಿಡಿಯಿತು. ಅದನ್ನು ತೋಡಿನಿಂದ ಎಳೆದು ತೆಗೆದರೆ ಅಡಿಯಲ್ಲಿ ಅಂಟು ಅಂಟು, ಮೂಗಿಗೆ ಹೋದ ಬ್ಯಾಚಿನ ಐಪಿಎ. ಈಗ ಐಪಿಎಗೆ ಒಂದು ಗ್ಯಾಸ್ಕೆಟ್, ಉಳಿದದ್ದಕ್ಕೆ ಇನ್ನೊಂದು. ಪ್ರತಿ ಸಲ ತೆಗೆದು ತೊಳೆದು ಒಣಗಿಸುತ್ತೇನೆ, ಪಾತ್ರೆಯ ಮೇಲೆ ಬಿಗಿ ಮಾಡಿ ಇಡಲ್ಲ, ಚಪ್ಪಟೆಯಾಗಿಬಿಡುತ್ತದೆ.

ಗೆಳೆಯ ಈಗಲೂ ತನ್ನ ಕೋನ್ ಬಿಟ್ಟುಕೊಟ್ಟಿಲ್ಲ. ಅವನಿಗೆ ಯೀಸ್ಟ್ ಹಿಡಿದಿಡುವ ಹುಚ್ಚು, ಒಂದೇ ಯೀಸ್ಟನ್ನು ಬ್ಯಾಚಿನಿಂದ ಬ್ಯಾಚಿಗೆ ದಾಟಿಸುತ್ತಾನೆ, ಲಾಗರ್ ಜಾಸ್ತಿ ಮಾಡುತ್ತಾನೆ. ಅವನ ಕೆಲಸಕ್ಕೆ ಅಷ್ಟೂ ತೂತು ಬೇಕೇ ಬೇಕು. ತಳದ ವಾಲ್ವ್ ಬಿಟ್ಟಾಗ ಬರುವ ಯೀಸ್ಟ್‌ನಲ್ಲಿ ಒಂದು ಜಾರ್ ನನಗೂ ಕೊಡುತ್ತಾನೆ. ಬದಲಿಗೆ ಅವನ ವಾಲ್ವ್‌ಗಳನ್ನು ಬಿಚ್ಚಿ ತೊಳೆಯಲು ನಾನು ಹೋಗಬೇಕು, ಅದು ಒಪ್ಪಂದ.